ಮಳೆಯ ಜಮಾಖರ್ಚು

ಪುಣೆಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಮಳೆಗಾಲದ ಸಮಾಚಾರವೆಲ್ಲ ನಾಲ್ಕು ಅಣೆಕಟ್ಟುಗಳ ಹೆಸರಿನಲ್ಲಿ ಮುಗಿದುಹೋಗುತ್ತದೆ. ಖಡಕವಾಸಲಾ, ಪಾನಶೇತ, ವರಸಗಾವ, ಟೇಮಘರ: ಇವುಗಳಲ್ಲಿ ನೀರು ಶೇಕಡಾ ಎಷ್ಟಕ್ಕೆ ಬಂತೆಂಬುದನ್ನು ಬೆಳಗಿನ ಪತ್ರಿಕೆಯಲ್ಲಿ ನೋಡಿ, 'ಈ ವರ್ಷಕ್ಕೆ ಚಿಂತೆಯಿಲ್ಲ' ಎಂದು ಚಹಾದ ಬಟ್ಟಲು ಕೆಳಗಿಟ್ಟು, ಛತ್ರಿ ಹುಡುಕಿಕೊಂಡು ಕಚೇರಿಗೆ ಹೊರಡುತ್ತೇವೆ. ಕೆಸರಿಗೆ ಬೈಯುತ್ತೇವೆ, ಬಸ್ಸು ತಡವಾದದ್ದಕ್ಕೆ ಬೈಯುತ್ತೇವೆ. ಆದರೆ ಸಂಘದ ಬಾಂಧವರಲ್ಲಿ ಬಹುಮಂದಿಗೆ ಊರಿನ ಕಡೆ ಅಷ್ಟಿಷ್ಟು ಹೊಲವುಂಟು. ಅಣ್ಣನೋ ತಮ್ಮನೋ ಕಾಕಾನೋ ಅದನ್ನು ಮಾಡಿಕೊಂಡಿರುವುದುಂಟು. ಆ ಹೊಲಗಳಿಗೆ ಯಾವ ಅಣೆಕಟ್ಟಿನ ಆಸರೆಯೂ ಇಲ್ಲ. ಊರಿನಿಂದ ಫೋನು ಬಂದರೆ ಮೊದಲ ಮಾತು ಮಳೆಯದು, ಎರಡನೆಯದು ಬೋರಿನದು, ಮೂರನೆಯದು ಹಣದ್ದು. ಹಣದ ಮಾತು ಬಂದಾಗ ಬೋರನ್ನು ಬದಿಗಿಟ್ಟು ಮಳೆಯ ಕಡೆಗೇ ಹಿಂದಿರುಗಿ ನೋಡಬಹುದೆಂಬುದು ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ನಡೆದುಬಂದ ವಿಷಯ. ಅದನ್ನು ಇಲ್ಲಿ ಬರೆಯುತ್ತೇನೆ.

ನಮ್ಮದು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ಒಂದು ಸಣ್ಣ ಊರು. ಹೊಲ ಎಂಟು ಎಕರೆ. ಮೇಲಿನ ಐದು ಎಕರೆ ಮಸಾರಿ, ಕೆಳಗಿನ ಮೂರು ಎರೆ. ಮಸಾರಿಯಲ್ಲಿ ಮುಂಗಾರಿಗೆ ಶೇಂಗಾ, ಸಜ್ಜೆ. ಎರೆಯಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ. ಅಪ್ಪ ತೀರಿಕೊಂಡ ಮೇಲೆ ಒಕ್ಕಲುತನವೆಲ್ಲ ಅಣ್ಣನದು. ನಾನು ಬಿ.ಎ. ಮುಗಿಸಿ, ಪರೀಕ್ಷೆ ಕಟ್ಟಿ, ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಎಂಟರಲ್ಲಿ ನನ್ನ ಪಾಲು ಕಾಗದದ ಮೇಲೆ ನಾಲ್ಕು ಎಕರೆ, ದುಡಿಮೆಯಲ್ಲಿ ಸೊನ್ನೆ. ಹೀಗಿರುವಾಗ ಅಣ್ಣ ಹಣ ಕೇಳಿದರೆ ಇಲ್ಲವೆನ್ನುವ ಬಾಯಿ ನನಗೆಲ್ಲಿಂದ ಬರಬೇಕು?

ಬೋರುಗಳ ಚರಿತ್ರೆ ಚಿಕ್ಕದು. ಮೊದಲನೆಯದು ಅಪ್ಪನ ಕಾಲದ್ದು. ೨೫೦ ಅಡಿಗೆ ನೀರು ಕೊಟ್ಟು ಆರು ವರ್ಷ ನಡೆದು ನಿಂತಿತು. ಎರಡನೆಯದು ೪೮೦ ಅಡಿ. ಎರಡು ಬೇಸಿಗೆ ಕಂಡಿತು. ಮೂರನೆಯದನ್ನು ೨೦೧೯ರಲ್ಲಿ ೬೫೦ ಅಡಿಯವರೆಗೆ ಇಳಿಸಿದರು. ಅದರಿಂದ ಬಂದದ್ದು ಬರೀ ಬಿಳಿಯ ಧೂಳು. ಬದುವಿನ ಬೇವಿನಗಿಡ ಹಿಟ್ಟಿನ ಗಿರಣಿಯಿಂದ ಎದ್ದುಬಂದಂತೆ ನಿಂತಿತ್ತೆಂದು ಅವ್ವ ಫೋನಿನಲ್ಲಿ ಹೇಳಿದ್ದಳು. ಹೇಳುತ್ತ ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು.

೨೦೨೧ರ ದೀಪಾವಳಿಗೆ ಊರಿಗೆ ಹೋದಾಗ ಅಣ್ಣ ನಾಲ್ಕನೆಯದರ ಮಾತು ತೆಗೆದ.

"ತಮ್ಮಾ, ನಿಮ್ಮ ಆಫೀಸಿನ ಸೊಸೈಟಿಯಾಗ ಮೂರು ಲಕ್ಷ ಸಾಲಾ ಎತ್ತು. ಈ ಸಲ ಸಾವಿರ ಅಡಿ ಹೊಡಿಸಿಬಿಡೂಣು. ತೆಂಗಿನಕಾಯಿ ಹಿಡದು ನೋಡಾವ ಜಾಗಾ ತೋರಿಸ್ಯಾನ. ನೀರು ಬಿದ್ದರ ಎರಡು ಎಕರೆ ದಾಳಿಂಬ್ರಿ ಹಚ್ಚತೀನಿ. ಇಲ್ಲಾಂದ್ರ ಈ ಹೊಲಾ ಮಾರೂದ ಪಾಡು."

ಕೊನೆಯ ಮಾತನ್ನು ಅವನು ಹೆದರಿಸಲು ಆಡಿದ್ದಲ್ಲ. ಆಗಲೇ ಅವನ ಮಗ ಜಗುಲಿಯಲ್ಲಿ ನನ್ನನ್ನು ಹಿಡಿದು, "ಕಾಕಾ, ಪುಣೆದಾಗ ಏನರ ಕೆಲಸಾ ಸಿಗತೈತೇನು?" ಎಂದು ಮೆಲ್ಲಗೆ ಕೇಳಿದ್ದ. ಹುಡುಗ ಪಿಯುಸಿಯಲ್ಲಿದ್ದ. ಅಪ್ಪನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದ.

ನನಗೆ ನೀರಾವರಿ ತಿಳಿಯದು. ಓದಿದ್ದು ಇತಿಹಾಸ, ಕಚೇರಿಯಲ್ಲಿ ನೋಡುವುದು ಆಯವ್ಯಯದ ಕಡತ. ಆದರೆ ಹತ್ತು ವರ್ಷ ಆ ಕಡತಗಳನ್ನು ಹೊತ್ತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ: ಜಮೆಯ ಕಲಮು ಕಾಣದೆ ಖರ್ಚಿನ ಕಲಮನ್ನು ಓದಲು ಕಣ್ಣು ಒಪ್ಪುವುದಿಲ್ಲ. ಆದ್ದರಿಂದ ಅಣ್ಣನನ್ನು ಒಂದೇ ಪ್ರಶ್ನೆ ಕೇಳಿದೆ. ನಮ್ಮ ಹೊಲದ ಮೇಲೆ ವರ್ಷಕ್ಕೆ ಮಳೆ ಎಷ್ಟು ಬೀಳುತ್ತದೆ?

"ಅದನ್ನ ಯಾರು ಅಳೀತಾರ?" ಎಂದ.

ಅಳೆಯುವವರು ಇದ್ದಾರೆ. ತಾಲೂಕಿನ ಮಳೆಮಾಪಕ ಹಳೆಯದು. ಈಚೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲೂ ತಾನಾಗಿ ಅಳೆಯುವ ಯಂತ್ರಗಳನ್ನಿಟ್ಟಿದೆ. ಅದಕ್ಕಿಂತ ಹೆಚ್ಚಾಗಿ ನಮ್ಮ ಮನೆಯಲ್ಲೇ ಒಂದು ದಾಖಲೆಯಿತ್ತು. ಅಪ್ಪ ಪ್ರತಿವರ್ಷದ ಗೋಡೆಯ ಕ್ಯಾಲೆಂಡರಿನಲ್ಲಿ ಮಳೆ ಬಂದ ದಿನ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. 'ಮಿರಗ, ಹದಾ ಆತು.' 'ಆರಿದ್ರಾ, ಒಣಾ.' 'ಹುಬ್ಬಿ, ಹಳ್ಳಾ ಬಂತು.' ಹನ್ನೊಂದು ವರ್ಷದ ಕ್ಯಾಲೆಂಡರುಗಳನ್ನು ಅವ್ವ ಪೆಟ್ಟಿಗೆಯ ತಳಕ್ಕೆ ಹಾಸಿಟ್ಟಿದ್ದಳು. ಮಿಲಿಮೀಟರಿನ ಲೆಕ್ಕ ಅವುಗಳಲ್ಲಿಲ್ಲ. ಆದರೆ ಮಿಲಿಮೀಟರು ಹೇಳದ ಒಂದು ಸಂಗತಿ ಅವುಗಳಲ್ಲಿತ್ತು. ಹಳ್ಳ ಬಂದ ದಿನಗಳು ವರ್ಷಕ್ಕೆ ಐದೋ ಆರೋ, ಅವುಗಳಲ್ಲಿ ಹೆಚ್ಚಿನವು ಸೆಪ್ಟೆಂಬರಿನವು. ಹನ್ನೊಂದರಲ್ಲಿ ಏಳು ವರ್ಷ ಜುಲೈ-ಆಗಸ್ಟಿನಲ್ಲಿ ಮೂರು ವಾರಕ್ಕಿಂತ ಹೆಚ್ಚು ಬಿಡುವು ಬಿದ್ದಿತ್ತು. ಶೇಂಗಾ ಹೂ ಕಟ್ಟಿ ಊಡು ಇಳಿಸುವ ಹೊತ್ತಿಗೆ ಸರಿಯಾಗಿ ಆ ಬಿಡುವು. ಅಂದಮೇಲೆ ನಮ್ಮ ಕೊರತೆ ವರ್ಷದ್ದಲ್ಲ, ಮೂರು ವಾರದ್ದು. ಒಂದು ತೇವದ ನೀರು ಆ ಹೊತ್ತಿಗೆ ಕೈಯಲ್ಲಿದ್ದರೆ ಬೆಳೆ ದಡ ಸೇರುತ್ತಿತ್ತು.

ಇನ್ನು ಲೆಕ್ಕ. ನಮ್ಮ ಕಡೆ ಮಳೆ ಸರಾಸರಿ ೬೦೦ ಮಿಲಿಮೀಟರಿನ ಅತ್ತಿತ್ತ. ಒಂದು ಮಿಲಿಮೀಟರು ಮಳೆ ಒಂದು ಎಕರೆಯ ಮೇಲೆ ಬಿದ್ದರೆ ೪,೦೪೭ ಲೀಟರು. ಮೇಲಿನ ಐದು ಎಕರೆಯ ಮೇಲೆ ೬೦೦ ಮಿಲಿಮೀಟರೆಂದರೆ ಒಂದು ಕೋಟಿ ಇಪ್ಪತ್ತೊಂದು ಲಕ್ಷ ಲೀಟರು. ಪುಣೆಯ ಹೌಸಿಂಗ್ ಸೊಸೈಟಿಗಳಿಗೆ ಬೇಸಿಗೆಯಲ್ಲಿ ಹತ್ತು ಸಾವಿರ ಲೀಟರಿನ ಟ್ಯಾಂಕರು ಬರುವುದನ್ನು ಓದುಗರು ಬಲ್ಲರು. ಅಂಥ ೧,೨೧೦ ಟ್ಯಾಂಕರುಗಳು. ಈ ಅಂಕಿಯನ್ನು ಅಣ್ಣನಿಗೆ ಓದಿಹೇಳಿದಾಗ ಅವನು ಪೆನ್ಸಿಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಗುಣಿಸಿ ನೋಡಿದ.

ಆದರೆ ಇದು ಒಟ್ಟು ಸಂಬಳ. ಕೈಗೆ ಬರುವುದು ಬೇರೆ. ಬಿದ್ದ ಮಳೆಯಲ್ಲಿ ದೊಡ್ಡ ಪಾಲನ್ನು ನೆಲ ಕುಡಿಯುತ್ತದೆ, ಕುಡಿಯಲೂ ಬೇಕು. ಅದು ಪೈರಿನ ಅನ್ನ. ಬದು ಕಟ್ಟುವುದು, ಇಳಿಜಾರಿಗೆ ಅಡ್ಡವಾಗಿ ಉಳುವುದು, ಬದುವಿನ ಮೇಲೆ ಹುಲ್ಲು ಬೆಳೆಸುವುದು, ಎಲ್ಲವೂ ನೆಲಕ್ಕೆ ಇನ್ನೊಂದು ಗುಟುಕು ಹೆಚ್ಚು ಕುಡಿಸುವುದಕ್ಕಾಗಿ. ಒಂದು ಭಾಗ ಆವಿಯಾಗುತ್ತದೆ. ಮಿಕ್ಕು ಹರಿದು ಹೋಗುವುದು ಹತ್ತರಲ್ಲಿ ಒಂದು ಪಾಲು, ಜೋರು ಮಳೆಯ ವರ್ಷ ಒಂದೂವರೆ ಪಾಲು ಎಂದು ಹಿಡಿದರೆ ಮೋಸವಿಲ್ಲ. ಅಲ್ಲಿಗೆ ಐದು ಎಕರೆಯಿಂದ ಹನ್ನೆರಡು ಲಕ್ಷ ಲೀಟರು. ಮಳೆ ೪೦೦ಕ್ಕೆ ಇಳಿದ ವರ್ಷ ಎಂಟು ಲಕ್ಷ, ಅಥವಾ ಅದಕ್ಕೂ ಕಡಿಮೆ. ಆಯವ್ಯಯವನ್ನು ಒಳ್ಳೆಯ ವರ್ಷದ ಮೇಲೆ ಕಟ್ಟಬಾರದು. ಇದನ್ನು ನಾನು ಕಚೇರಿಯಲ್ಲಿ ಕಲಿತದ್ದು.

ನೀರು ಎಷ್ಟೆಂಬುದು ಕಾಗದಕ್ಕೆ ತಿಳಿಯಿತು. ಎಲ್ಲಿ ಹರಿಯುತ್ತದೆಂಬುದು ತಿಳಿದಿದ್ದವಳು ಅವ್ವ. ಆ ದೀಪಾವಳಿಯ ಬೆನ್ನಿಗೇ ಅಕಾಲದ ಮಳೆ ಹಿಡಿದಿತ್ತು. ನಾನು ಹೊಲದ ನಕಾಶೆ ಹರಡಿಕೊಂಡು ಇಳಿಜಾರು ಯಾವ ಕಡೆಗಿದೆಯೆಂದು ತಲೆ ಕೆರೆದುಕೊಳ್ಳುತ್ತಿರಲು, ಅವ್ವ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, "ನಡಿ, ಮಳಿ ಬಂದಾಗ ನೋಡೂದು ಬಿಟ್ಟು ಹಾಳ್ಯಾಗ ಏನ್ ಹುಡುಕತಿ?" ಎಂದು ಎಬ್ಬಿಸಿಕೊಂಡು ಹೋದಳು. ಮಳೆಯಲ್ಲಿ ಹೊಲ ಸುತ್ತಿದ್ದು ಒಂದು ತಾಸು. ಮೇಲಿನಿಂದ ಎರಡು ಸಣ್ಣ ಝರಿಗಳು ಇಳಿದು, ಮಸಾರಿ ಮುಗಿದು ಎರೆ ಮೊದಲಾಗುವ ಅಂಚಿನಲ್ಲಿ ಕೂಡಿ, ಕೆಳಗಿನ ಹೊಲದವರ ಒಡ್ಡನ್ನು ಒಡೆದುಕೊಂಡು ಹಳ್ಳಕ್ಕೆ ಬೀಳುತ್ತಿದ್ದವು. ನೀರಿನ ಬಣ್ಣ ಚಹಾದಂತೆ. "ನೀರ ಅಷ್ಟ ಅಲ್ಲ, ನಿಮ್ಮಪ್ಪ ಹಾಕಿದ ಗೊಬ್ಬರಾನೂ ಹೊಂಟೈತಿ ನೋಡು" ಎಂದಳು. ಆ ಕೂಡುವ ಜಾಗದಲ್ಲಿ ಒಂದು ಗೂಟ ಹುಗಿದು ಬಂದೆವು. ಮರುದಿನ ಗೌಂಡಿಯೊಬ್ಬನಿಂದ ನೀರು ತುಂಬಿದ ಪಾರದರ್ಶಕ ನಳಿಗೆ ತಂದು ಮಟ್ಟ ಹಿಡಿದು ನೋಡಿದರೆ ಅವ್ವ ತೋರಿಸಿದ್ದಕ್ಕೂ ನಳಿಗೆ ತೋರಿಸಿದ್ದಕ್ಕೂ ನಾಲ್ಕು ಮಾರಿನ ವ್ಯತ್ಯಾಸವೂ ಇರಲಿಲ್ಲ.

ಅಣ್ಣ ಇನ್ನೂ ಒಪ್ಪಿರಲಿಲ್ಲ. "ಕಾಗದದ ಲೆಕ್ಕಾ ಬೆಳಿಗೆ ನೀರು ಕುಡಸೂದಿಲ್ಲ" ಎಂಬುದು ಅವನ ಮಾತು. ನಾನು ಪುಣೆಗೆ ಮರಳಿದ ಮೇಲೆ ಕಚೇರಿಯ ಮರಾಠಿ ಮಿತ್ರರೊಬ್ಬರ ಮುಂದೆ ಇದನ್ನು ಹೇಳಿಕೊಂಡೆ. ಅವರು ಪುರಂದರ ತಾಲೂಕಿನವರು. "ನಮ್ಮ ಕಡೆಯ ನಾಯಗಾವದ ಪಾಣಿ ಪಂಚಾಯತ ಕೇಳಿಲ್ಲವೇ?" ಎಂದರು. ಪುಣೆಯಲ್ಲಿ ಇಷ್ಟು ವರ್ಷವಿದ್ದೂ ಕೇಳಿರಲಿಲ್ಲ.

೧೯೭೨ರ ಬರದಲ್ಲಿ ಜನ ಪರಿಹಾರ ಕಾಮಗಾರಿಯ ಹೆಸರಿನಲ್ಲಿ ಜಲ್ಲಿ ಒಡೆಯುತ್ತ ಕುಳಿತದ್ದನ್ನು ಕಂಡು ಪುಣೆಯ ಇಂಜಿನಿಯರು, ಉದ್ಯಮಿ ವಿಲಾಸರಾವ್ ಸಾಳುಂಖೆಯವರು ನಾಯಗಾವದಲ್ಲಿ ದೇವಸ್ಥಾನದ ಸುಮಾರು ನಾಲ್ವತ್ತು ಎಕರೆ ಬರಡು ಇಳಿಜಾರನ್ನು ಗುತ್ತಿಗೆಗೆ ಹಿಡಿದರು. ಬದು ಕಟ್ಟಿಸಿದರು, ತಗ್ಗಿನಲ್ಲಿ ಇಂಗುಕೆರೆ ಮಾಡಿಸಿದರು, ಅದರ ಕೆಳಗೆ ಬಾವಿ ತೋಡಿಸಿದರು. ಬಿದ್ದ ಮಳೆಯಿಂದಲೇ ಬೆಳೆ ಬಂತು. ಇಲ್ಲಿಯವರೆಗೆ ಇದು ಒಬ್ಬ ಜಾಣ ರೈತನ ಕಥೆ. ಮುಂದಿನದು ಹೆಚ್ಚಿನದು. ನೀರನ್ನು ಹಂಚಲು ಅವರು ಹಾಕಿದ ಕಟ್ಟಳೆ: ನೀರು ಹೊಲದ ಅಳತೆಯ ಮೇಲಲ್ಲ, ಮನೆಯ ತಲೆಯ ಎಣಿಕೆಯ ಮೇಲೆ. ತಲೆಗೆ ಅರ್ಧ ಎಕರೆಗಾಗುವಷ್ಟು. ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಕಬ್ಬು ಕೂಡದು. ಖರ್ಚಿನಲ್ಲಿ ಐದನೆಯ ಒಂದು ಪಾಲನ್ನು ರೈತರೇ ಹಾಕಬೇಕು. ಭೂಮಿಯನ್ನು ಮಾರಿದರೆ ನೀರಿನ ಹಕ್ಕು ಅದರೊಡನೆ ಹೋಗದು. ಭೂಮಿಯಿಲ್ಲದವನಿಗೂ ನೀರಿನಲ್ಲಿ ಪಾಲುಂಟು. ಸಾಳುಂಖೆಯವರು ೨೦೦೨ರಲ್ಲಿ ತೀರಿಕೊಂಡರು. ಅವರ ಕಟ್ಟಳೆ ಎಲ್ಲೆಡೆ ಹಬ್ಬಿತೆಂದು ನಾನು ಹೇಳಲಾರೆ. ಆದರೆ ನೀರನ್ನು ಹಿಡಿಯುವ ಮೊದಲೇ ಅದು ಯಾರ್ಯಾರಿಗೆ ಎಂದು ಕೇಳಿದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು.

೨೦೨೨ರ ಫೆಬ್ರವರಿಯಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಲು ಅಣ್ಣ ಪುಣೆಗೆ ಬಂದ. ಒಂದು ಭಾನುವಾರ ಅವನನ್ನು ಹಿವರೆ ಬಾಜಾರಕ್ಕೆ ಕರೆದುಕೊಂಡು ಹೋದೆ. ಆಗಿನ ಅಹಮದನಗರ, ಈಗಿನ ಅಹಿಲ್ಯಾನಗರ ಜಿಲ್ಲೆಯ ಆ ಹಳ್ಳಿಯ ಹೆಸರನ್ನು ಬಹಳಷ್ಟು ಮಂದಿ ಕೇಳಿರಬಹುದು. ಪೋಪಟರಾವ್ ಪವಾರರು ೧೯೮೯-೯೦ರ ಸುಮಾರಿಗೆ ಸರಪಂಚರಾದ ಮೇಲೆ ಗುಡ್ಡಕ್ಕೆ ಕಂದಕ ತೋಡಿ, ಒಡ್ಡು ಕಟ್ಟಿ, ಗಿಡ ಬೆಳೆಸಿ ಎದ್ದುನಿಂತ ಊರು. ಅಣ್ಣನಿಗೆ ಗುಡ್ಡ, ಗಿಡ ಯಾವುದೂ ಹೆಚ್ಚೆನಿಸಲಿಲ್ಲ. ಅಲ್ಲಿಯವರು ಪ್ರತಿವರ್ಷ ಬಿದ್ದ ಮಳೆಯನ್ನು ಲೆಕ್ಕ ಹಾಕಿ, ಕುಡಿಯಲು ಇಷ್ಟು, ದನಕರುಗಳಿಗೆ ಇಷ್ಟು ಎಂದು ತೆಗೆದಿಟ್ಟು, ಉಳಿದದ್ದರ ಮೇಲೆ ಹಿಂಗಾರಿಗೆ ಏನು ಬಿತ್ತಬೇಕೆಂದು ಗ್ರಾಮಸಭೆಯಲ್ಲಿ ಕುಳಿತು ನಿರ್ಧರಿಸುತ್ತಾರೆ. ಬೇಸಾಯಕ್ಕೆ ಬೋರು ಹೊಡೆಯುವಂತಿಲ್ಲ. ಇದನ್ನು ಕೇಳಿ ಅವನು ಒಂದು ಬಾವಿಯೊಳಗೆ ಬಹಳ ಹೊತ್ತು ಇಣುಕಿ ನೋಡಿದ. ಬಸ್ಸಿನಲ್ಲಿ ಬರುವಾಗ ಶಿರೂರು ದಾಟುವವರೆಗೆ ಮಾತಿಲ್ಲ. ಆಮೇಲೆ, "ಅಲ್ಲೋ, ಇಡೀ ಊರು ಒಂದ ಮಾತಿಗೆ ಹೆಂಗ ಒಪ್ಪಿತು?" ಎಂದ. ಬೋರಿನ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಕರ್ನಾಟಕದಲ್ಲಿ ೨೦೧೪ರಲ್ಲಿ ಕೃಷಿಭಾಗ್ಯ ಯೋಜನೆ ಬಂದಾಗ, ಮಹಾರಾಷ್ಟ್ರದಲ್ಲಿ ೨೦೧೬ರಲ್ಲಿ 'ಮಾಗೇಲ್ ತ್ಯಾಲಾ ಶೇತತಳೆ' ಬಂದಾಗ ಕೃಷಿಹೊಂಡಗಳು ಬಹಳ ಆದವು, ಒಳ್ಳೆಯದೇ ಆಯಿತು. ಆದರೆ ಮಹಾರಾಷ್ಟ್ರದ ತೋಟದ ಸೀಮೆಗಳಲ್ಲಿ ಎಷ್ಟೋ ಹೊಂಡಗಳಿಗೆ ಮಳೆಯ ನೀರು ಬರುವ ದಾರಿಯೇ ಇಲ್ಲ. ಬೋರಿನಿಂದ, ಬಾವಿಯಿಂದ ನೀರೆತ್ತಿ ಅದರಲ್ಲಿ ತುಂಬುತ್ತಾರೆ. ನೆಲದೊಳಗೆ ಎಲ್ಲರದಾಗಿದ್ದ ನೀರು ಪ್ಲಾಸ್ಟಿಕ್ ಹಾಳೆಯ ಮೇಲೆ ಬಂದು ಒಬ್ಬನದಾಗುತ್ತದೆ. ಬಿಸಿಲಿಗೆ ಆವಿಯೂ ಆಗುತ್ತದೆ. ಇದಕ್ಕೆ ಮಳೆ ಕೊಯ್ಲೆಂದು ಹೆಸರಿಡುವುದು ನ್ಯಾಯವಲ್ಲ.

ಇತಿಹಾಸ ಓದಿದವನಾದ್ದರಿಂದ ಇನ್ನೊಂದು ಮಾತು. ಈಗ ಆಂಧ್ರದ ಕಡಪಾ ಜಿಲ್ಲೆಯಲ್ಲಿರುವ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ೧೩೬೯ರಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಸಂಸ್ಕೃತ ಶಾಸನವಿದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಆರು ದೋಷಗಳು ಎಂದು ಅದರಲ್ಲಿ ಎಣಿಸಿ ಹೇಳಿದೆ. ದೋಷಗಳಲ್ಲಿ ಕೆಲವು: ಒಡ್ಡಿನಿಂದ ನೀರು ಜಿನುಗುವುದು, ನೆಲ ಸವಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು, ನೀರು ಕಡಿಮೆಯಾಗಿ ಅದನ್ನು ನೆಚ್ಚಿದ ಭೂಮಿ ಹೆಚ್ಚಾಗಿರುವುದು. ಗಡಿಯ ದೋಷವನ್ನು ನೋಡಿ ನಕ್ಕೆ. ನದಿ ನೀರಿನ ವ್ಯಾಜ್ಯಗಳ ನಡುವೆ ಬೆಳೆದವರಲ್ಲವೇ ನಾವು! ಕೊನೆಯ ದೋಷ ಮಾತ್ರ ಅಣ್ಣನಿಗೆ ಹೇಳಲು ನೇರವಾಗಿ ಒದಗಿತು. ಏಕೆಂದರೆ ಹೊಂಡವೆಂದು ಒಪ್ಪಿದ ಮೇಲೆ ಅವನು ಉತ್ಸಾಹದಿಂದ, "ಮಾಡೂದ ಆದರ ದೊಡ್ಡದ ಮಾಡೂಣು, ಮೂವತ್ತು ಮೀಟರಿಂದು" ಎಂದು ಕುಳಿತಿದ್ದ.

ಹೊಂಡ ದೊಡ್ಡದಾದರೆ ಮಳೆ ದೊಡ್ಡದಾಗುವುದಿಲ್ಲ. ೩೦ ಮೀಟರು ಉದ್ದಗಲದ ಹೊಂಡ ಹಿಡಿಯುವುದು ಸುಮಾರು ಇಪ್ಪತ್ತೆರಡು ಲಕ್ಷ ಲೀಟರು. ನಮಗೆ ಬರುವುದು ಹನ್ನೆರಡು. ಅರ್ಧ ಖಾಲಿಯಿರಲು ಹಣವನ್ನೂ ನೆಲವನ್ನೂ ಏಕೆ ಕೊಡಬೇಕು? ಕೊನೆಗೆ ೨೧ ಮೀಟರು ಉದ್ದ, ಅಷ್ಟೇ ಅಗಲ, ೩ ಮೀಟರು ಆಳ ಎಂದು ಗೊತ್ತಾಯಿತು. ಇಲ್ಲೂ ಒಂದು ಮೋಸವಿದೆ. ೨೧, ೨೧, ೩ ಗುಣಿಸಿದರೆ ೧,೩೨೩ ಘನಮೀಟರು. ಆದರೆ ಬದಿಗಳು ನೆಟ್ಟಗಿದ್ದರೆ ಕುಸಿಯುತ್ತವೆ, ಇಳಿಜಾರು ಕೊಡಬೇಕು. ತಳ ೧೫ ಮೀಟರಿಗೆ ಇಳಿಯುತ್ತದೆ, ಹಿಡಿಯುವ ನೀರು ೯೮೧ ಘನಮೀಟರು, ಅಂದರೆ ಒಂಬತ್ತು ಲಕ್ಷ ಎಂಬತ್ತು ಸಾವಿರ ಲೀಟರು. ಎರಡು ತಿಂಗಳಲ್ಲಿ ಬಿಸಿಲು ಗಾಳಿಗೆ ಒಂದು ಲಕ್ಷಕ್ಕೆ ಮೇಲ್ಪಟ್ಟು ಹೋಗುತ್ತದೆ. ಕೈಗೆ ಎಂಟು ಲಕ್ಷ. ಎಕರೆಗೆ ಎರಡು ಅಂಗುಲದ ಒಂದು ತೇವಕ್ಕೆ ಎರಡು ಲಕ್ಷ ಬೇಕು. ಸ್ಪ್ರಿಂಕ್ಲರಿನಿಂದ ಕೊಟ್ಟರೆ ಒಂದೂಕಾಲು ಲಕ್ಷದಲ್ಲಿ ಸುಧಾರಿಸಬಹುದು. ದಾಳಿಂಬೆ ಇದರಲ್ಲಿ ಬದುಕದು, ಅದಕ್ಕೆ ಬೇಸಿಗೆಯಲ್ಲೂ ನೀರು ಬೇಕು. ಕಬ್ಬಿನ ಮಾತೇ ಬೇಡ. ಅದರ ಒಂದು ಎಕರೆ ವರ್ಷಕ್ಕೆ ಎಂಬತ್ತು ಲಕ್ಷ ಲೀಟರು ಕುಡಿಯುತ್ತದೆ. ದಾಳಿಂಬೆಯನ್ನು ಕಾಗದದಿಂದ ಹೊಡೆದುಹಾಕಿದಾಗ ಅಣ್ಣನ ಮುಖ ನೋಡಲಾಗಲಿಲ್ಲ. ಮೇಲೆ ಹೊಂಡಕ್ಕೂ ಅದರ ದಂಡೆಗೂ ಸೇರಿ ಒಂಬತ್ತು ಗುಂಟೆ ನೆಲ ಹೋಗುವುದಿತ್ತು. ಒಕ್ಕಲಿಗನಿಗೆ ಒಂಬತ್ತು ಗುಂಟೆ ಎಂದರೇನೆಂಬುದು ಬಾಡಿಗೆಯ ಮನೆಯಲ್ಲಿರುವ ನನಗೆ ತಡವಾಗಿಯಾದರೂ ತಿಳಿಯುತ್ತದೆ.

ಸಹಾಯಧನಕ್ಕೆ ಕಾಯದೆ ಸೊಸೈಟಿಯ ಸಾಲದಿಂದಲೇ ೨೦೨೨ರ ಮೇ ತಿಂಗಳಲ್ಲಿ ತೋಡಿಸಿದೆವು. ಮೊದಲು ಮೊಳದುದ್ದದ ಗುಂಡಿ ತೆಗೆದು, ನೀರು ತುಂಬಿ, ಕಡ್ಡಿ ನೆಟ್ಟು ಗುರುತು ಮಾಡಿ ಇಟ್ಟೆವು. ಬೆಳಗಾಗುವುದರೊಳಗೆ ನೀರು ತಳ ಕಂಡಿತ್ತು. ಕೆಳಗೆ ಗರಸು. ಆದ್ದರಿಂದ ೫೦೦ 'ಮೈಕ್ರಾನ್' ದಪ್ಪದ ಹಾಳೆ ಹಾಸಬೇಕಾಯಿತು. ಪೂರಾ ಎರೆಯಿದ್ದವರಿಗೆ ಈ ಖರ್ಚು ಬೀಳದಿರಬಹುದು. ನೀರು ಒಳಬರುವ ಬಾಯಿಗೆ ಕಲ್ಲು ಹಾಸಿ, ಅದಕ್ಕೂ ಮೊದಲು ಹೂಳು ನಿಲ್ಲಲು ಒಂದು ಸಣ್ಣ ಗುಂಡಿ. ವರ್ಷಕ್ಕೊಮ್ಮೆ ಅದರ ಮಣ್ಣನ್ನು ಎತ್ತಿ ಹೊಲಕ್ಕೆ ಹಾಕಿದರೆ ಅಪ್ಪನ ಗೊಬ್ಬರ ಅಲ್ಲೇ ಉಳಿಯುತ್ತದೆ. ಎರೆಯ ಹೊಲ ಹೊಂಡಕ್ಕಿಂತ ತಗ್ಗಿನಲ್ಲಿರುವುದರಿಂದ ಪೈಪಿನಲ್ಲಿ ನೀರನ್ನು ಒಮ್ಮೆ ಎಳೆದುಬಿಟ್ಟರೆ ಕರೆಂಟಿಲ್ಲದೆ ತಾನಾಗಿ ಇಳಿಯುತ್ತದೆ.

ಬೇಲಿಯ ಖರ್ಚನ್ನು ನಾನು ಮುಂದಿನ ವರ್ಷಕ್ಕೆ ದೂಡೋಣವೆಂದಿದ್ದೆ. ಅವ್ವ ಒಪ್ಪಲಿಲ್ಲ. ಹಾಳೆಯ ಹೊಂಡ ಜಾರುತ್ತದೆ. ಬಿದ್ದ ಕರು ಮೇಲೆ ಬರಲಾರದು, ಮಗುವೂ ಬರಲಾರದು. ಇಂಥ ಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. "ಬೇಲಿ ಇಲ್ದ ಒಂದು ಹನಿ ನೀರು ನಿಲ್ಲಬಾರದು" ಎಂದು ತನ್ನ ಎರಡು ಬಳೆ ಬಿಚ್ಚಿ ಅಣ್ಣನ ಮುಂದಿಟ್ಟಳು. ಬಳೆಗಳನ್ನು ತಿರುಗಿ ಕೊಟ್ಟೆವು. ಬೇಲಿ ಮೊದಲು ಬಂತು, ಹಾಳೆ ಆಮೇಲೆ. ಹೊಂಡದೊಳಕ್ಕೆ ಗಂಟು ಹಾಕಿದ ಹಗ್ಗವೂ ಇಳಿಬಿದ್ದಿತು.

ಕೆಳಗಿನ ಹೊಲದವರು ಜಗಳಕ್ಕೇ ಬಂದಿದ್ದರು. "ನಮ್ಮ ಹೊಲಕ್ಕ ಬರೂ ನೀರು ನೀವು ಹಿಡದರ ನಾವೇನ್ ಮಾಡೂದು?" ಪ್ರಶ್ನೆ ನ್ಯಾಯದ್ದು. ಅಣ್ಣ ಅವರನ್ನು ಕರೆದು ಕೂರಿಸಿ ಕೇಳಿದ: ಆ ನೀರು ಬಂದು ವರ್ಷಕ್ಕೆ ನಿಮ್ಮ ಒಡ್ಡು ಎಷ್ಟು ಸಲ ಒಡೆಯುತ್ತದೆ? ಎರಡು ಸಲ, ಮೂರು ಸಲ. ಹೊಂಡ ತುಂಬಿದ ಮೇಲೆ ಹೊರಬೀಳುವ ನೀರಿಗೆ ಕಲ್ಲಿನ ಕೋಡಿ ಕಟ್ಟಿ, ಒಡ್ಡಿನ ಬದಿಯಿಂದ ಕಾಲುವೆ ಮಾಡಿ ಹಳ್ಳಕ್ಕೆ ಬಿಡುವುದೆಂದೂ, ಅವರಿಗೆ ಬೇಕಾದಾಗ ಅದರಿಂದ ಮಡಿ ತಿರುವಿಕೊಳ್ಳುವುದೆಂದೂ ಮಾತಾಯಿತು. ಆ ಕಾಲುವೆಯ ಕೂಲಿಯಲ್ಲಿ ಅರ್ಧ ಅವರೇ ಕೊಟ್ಟರು.

೨೦೨೨ರಲ್ಲಿ ಮಳೆ ಧಾರಾಳ. ಹೊಂಡ ತುಂಬಿ ಕೋಡಿ ಹರಿಯಿತು, ಹೊಂಡದ ಅಗತ್ಯವೇ ಬೀಳಲಿಲ್ಲ. ಊರಿನವರು ಅಣ್ಣನನ್ನು ಚೇಷ್ಟೆ ಮಾಡಿದರು. ಮುಂದಿನ ವರ್ಷ ೨೦೨೩. ಆ ಆಗಸ್ಟು ದೇಶಕ್ಕೆಲ್ಲ ೧೯೦೧ರಿಂದೀಚೆಗೆ ಅತ್ಯಂತ ಒಣ ಆಗಸ್ಟು. ಕರ್ನಾಟಕದ ೨೩೬ ತಾಲೂಕುಗಳಲ್ಲಿ ೨೨೩ನ್ನು ಸರಕಾರ ಬರಪೀಡಿತವೆಂದು ಸಾರಿತು. ಜುಲೈ ತಿಂಗಳ ಮಳೆಗೆ ನಮ್ಮ ಹೊಂಡ ಮುಕ್ಕಾಲು ತುಂಬಿತ್ತು. ಆಗಸ್ಟ್ ಕೊನೆಗೆ ನಾಲ್ಕು ಎಕರೆ ಶೇಂಗಾಕ್ಕೆ ಒಂದು ಸುತ್ತು ಸ್ಪ್ರಿಂಕ್ಲರ್ ತಿರುಗಿತು. ಉಳಿದದ್ದು ಹಿಂಗಾರಿಗೆ ಒಂದು ಎಕರೆ ಕಡಲೆಗೆ ಒದಗಿತು. ಪವಾಡವೇನೂ ಆಗಲಿಲ್ಲ. ಶೇಂಗಾ ವಾಡಿಕೆಯ ಅರ್ಧ ಬಂತು; ಸುತ್ತಣ ಹೊಲಗಳಲ್ಲಿ ಬೀಜ ತಿರುಗಿ ಬರಲಿಲ್ಲ. ಆ ಅರ್ಧದಿಂದ ಸೊಸೈಟಿಯ ಆ ವರ್ಷದ ಕಂತಿನಲ್ಲಿ ಅಣ್ಣ ತನ್ನ ಪಾಲು ಕಳಿಸಿದ. ಹುಡುಗ ಕುಷ್ಟಗಿಯಲ್ಲಿ ಕಾಲೇಜಿಗೆ ಸೇರಿದ.

ಅಲ್ಲಿಗೆ ಊರಿನಲ್ಲಿ ಹೊಂಡದ ಮಾತು ಎದ್ದಿತು. ನಮ್ಮ ಜಿಲ್ಲೆಯವರಿಗೆ ಕೂಡಿ ದುಡಿಯುವ ನೆನಪು ಹಸಿಯಾಗಿಯೇ ಇತ್ತು. ೨೦೧೯ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳ ಮುಂದಾಳುತನದಲ್ಲಿ ಜನ ಹಿರೇಹಳ್ಳದ ಹೂಳೆತ್ತಿ ಸ್ವಚ್ಛ ಮಾಡಿದ್ದರು. ಕಳೆದ ವರ್ಷ, ೨೦೨೫ರಲ್ಲಿ, ನಮ್ಮ ಊರಿನ ಹನ್ನೊಂದು ಮನೆಯವರು ನಮಗೂ ಹೊಂಡ ಬೇಕೆಂದರು. ಆಗ ಅಣ್ಣ ನನಗೆ ಫೋನು ಮಾಡಿ ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ: "ಎಲ್ಲಾರೂ ಮ್ಯಾಲ ಹಿಡದರ ಕೆರಿಗೆ ಏನ್ ಬರತೈತಿ?"

ಊರ ಕೆರೆ ಹನ್ನೆರಡು ಎಕರೆ; ತುಂಬಿದಾಗ ಸರಾಸರಿ ಐದಡಿ ನೀರು ಹಿಡಿದರೆ ಏಳು ಕೋಟಿ ಲೀಟರಿನ ಮೇಲೆ. ನಮ್ಮಂಥ ಹನ್ನೊಂದು ಹೊಂಡಗಳೆಂದರೆ ಒಂದು ಕೋಟಿ ಎಂಟು ಲಕ್ಷ, ಹೆಚ್ಚುಕಡಿಮೆ ಕೆರೆಯ ಏಳನೆಯ ಒಂದು ಪಾಲು. ಕೋಡಿ ಬೀಳುವ ವರ್ಷ ಇದು ಲೆಕ್ಕಕ್ಕಿಲ್ಲ. ಕೆರೆ ಅರ್ಧಕ್ಕೆ ನಿಂತ ವರ್ಷ ಏಪ್ರಿಲಿನಲ್ಲಿ ದನ ನೀರು ಕುಡಿಯುವುದು ಆ ಏಳನೆಯ ಪಾಲಿನಲ್ಲೇ. ದಸರೆಯ ರಜೆಯಲ್ಲಿ ನಾನೂ ಇದ್ದಾಗ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಹಳ್ಳಕ್ಕೆ ಅಡ್ಡ ಯಾರೂ ಕಟ್ಟಬಾರದು, ತಮ್ಮ ಹೊಲದ ಮೇಲೆ ಬಿದ್ದದ್ದನ್ನಷ್ಟೇ ಹಿಡಿಯಬೇಕು. ಗೋಮಾಳದ ಗುಡ್ಡದ ನೀರು ಪೂರಾ ಕೆರೆಗೆ. ಬೋರಿನ ನೀರನ್ನು ಹೊಂಡಕ್ಕೆ ತುಂಬಬಾರದು. ಬೇಲಿ ಹಾಕದವನ ಹೊಂಡಕ್ಕೆ ಹಾಳೆ ಹಾಸಲು ಯಾರೂ ಕೈಹಚ್ಚಬಾರದು. ಇವಿಷ್ಟು ಒಪ್ಪಿಗೆಯಾಗಲು ಮೂರು ತಾಸು ಹಿಡಿಯಿತು. ಮೂರನೆಯದಕ್ಕೆ ಇಬ್ಬರು ಎದ್ದುಹೋಗಿ, ಚಹಾ ಬಂದಾಗ ತಿರುಗಿ ಬಂದರು.

ಏಳುವ ಹೊತ್ತಿಗೆ, ನಮ್ಮ ಹೊಲಕ್ಕೆ ಕೂಲಿಗೆ ಬರುವ ಒಬ್ಬ ಹೆಣ್ಣುಮಗಳು ಕಂಬದ ಹಿಂದಿನಿಂದ, "ಗೌಡ್ರ, ನಮಗ ಹೊಲಾ ಇಲ್ಲ. ಮಳಿ ನಮ್ಮ ಮ್ಯಾಲೂ ಬೀಳತೈತಿ. ನಮ್ಮ ಪಾಲು ಯಾವುದು?" ಎಂದಳು. ಕೆಲವರು ನಕ್ಕರು. ನಾನು ನಾಯಗಾವದ ಕಟ್ಟಳೆಯನ್ನು ಹೇಳಲು ಹೊರಟೆ. ಹಿರಿಯರೊಬ್ಬರು, "ಅದು ಮರಾಠಿ ಮಂದಿ ಮಾತು ಬಿಡ್ರಿ" ಎಂದು ತಡೆದರು. ಸಭೆ ಆ ಪ್ರಶ್ನೆಯನ್ನು ಬರೆದುಕೊಳ್ಳದೆ ಮುಗಿಯಿತು.

ರಾತ್ರಿ ಊಟಕ್ಕೆ ಕುಳಿತಾಗ ಅಣ್ಣ ತಾನಾಗಿ ಆ ಮಾತು ತೆಗೆದ. ಹೊಂಡದಲ್ಲಿ ಶೇಂಗಾಕ್ಕೆ ಕೊಟ್ಟು ಮಿಕ್ಕ ನೀರು ಎಷ್ಟಿದೆಯೆಂದು ಕೇಳಿದ. ಕಡ್ಡಿ ಇಳಿಬಿಟ್ಟು ನೋಡಿಕೊಂಡು ಬಂದಿದ್ದ ಅವನ ಮಗ ಲೆಕ್ಕ ಹಾಕಿ ನಾಲ್ಕೂವರೆ ಲಕ್ಷವೆಂದ. ಎರೆಯಲ್ಲಿ ಒಂದು ಎಕರೆಯನ್ನು ಈ ಹಿಂಗಾರಿಗೆ ಅವಳಿಗೆ ಪಾಲಿಗೆ ಕೊಡುವುದು, ಎರಡು ಲಕ್ಷ ಲೀಟರನ್ನು ಅವಳ ಹೆಸರಿಗೆ ತೆಗೆದಿಡುವುದು ಎಂದಾಯಿತು. ಅವಳು ಅಲ್ಲಿ ಕಡಲೆ ಬಿತ್ತಿದಳು. ಬೀಜ ಅವಳದು, ಹೊಲ ನಮ್ಮದು. ನೀರನ್ನು ಯಾರ ಲೆಕ್ಕಕ್ಕೆ ಬರೆಯಬೇಕು, ರಾಶಿಯಲ್ಲಿ ಅದಕ್ಕೆ ಎಷ್ಟು ಪಾಲು ಹಿಡಿಯಬೇಕು ಎಂಬುದರ ಮೇಲೆ ಅಣ್ಣನಿಗೂ ವೈನಿಗೂ ಇನ್ನೂ ಒಮ್ಮತವಿಲ್ಲ. ವೈನಿಯ ವಾದ, ಮಳೆಗೆ ಪಾಲು ಕೇಳುವ ಹಕ್ಕು ಹೊಲದವರಿಗಿಲ್ಲವೆಂದು. ಅಣ್ಣನ ವಾದ, ಹಾಳೆಯ ಸಾಲವನ್ನು ಮಳೆ ತೀರಿಸುವುದಿಲ್ಲವೆಂದು. ಅವ್ವ ಇಬ್ಬರ ಮಾತನ್ನೂ ಕೇಳಿ, ನನ್ನ ಹತ್ತಿರ ಬರೆಸಿ ಕೇಳಿರೆಂದಿದ್ದಾಳಂತೆ. ನಾನು ಕಾಗದ ಮುಂದಿಟ್ಟುಕೊಂಡು ಕುಳಿತಿದ್ದೇನೆ.